ಬೀಫಾತುಮ್ಮನ ಸೀಟು

ಹಿಶಾಮ್ ಮಂಗಳೂರಿನಿಂದ ವ್ಯಾನು ತಂದ ದಿನ ಗುತ್ತಿಗಾರು ಪೇಟೆಯ ಅರ್ಧ ಜನ ಹತ್ತಿರ ಬಂದು ನೋಡಿದರು, ಉಳಿದರ್ಧ ಜನ ನೋಡದವರ ಹಾಗೆ ನಿಂತು ನೋಡಿದರು. ವ್ಯಾನು ಎಂದರೆ ಮೀನಿನ ವ್ಯಾನು, ಹೆಚ್ಚೆಂದರೆ ಶಾಲೆಯ ಮಕ್ಕಳ ವ್ಯಾನು ಎಂದು ತಿಳಿದಿದ್ದ ಊರಿಗೆ ಇದು ಬೇರೆಯೇ ಜಾತಿಯದು. ಗುಂಡಿ ಒತ್ತಿದರೆ ಬಾಗಿಲು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಮಧ್ಯದ ಸಾಲಿನಲ್ಲಿ ಎರಡೇ ಎರಡು ಸೀಟು, ಒಂದೊಂದೂ ಸೋಫಾದಷ್ಟು ಅಗಲ. ಬೆನ್ನು ಒರಗುತ್ತದೆ, ಕಾಲಿನಡಿಯಿಂದ ಮೆತ್ತನೆಯ ಹಲಗೆ ಎದ್ದು ಬರುತ್ತದೆ, ಸೀಟಿನೊಳಗಿಂದಲೇ ತಣ್ಣನೆಯ ಗಾಳಿ ಬರುತ್ತದೆ. ಕಿಟಕಿಗಳಿಗೆ ಪರದೆ. ಹಿಂದಿನ ಸಾಲನ್ನು ಮಡಚಿ ನೆಲದೊಳಗೆ ಇಳಿಸಿದರೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಮದುವೆ ಮನೆಯ ಪಾತ್ರೆ ಎಲ್ಲವೂ ಹಿಡಿಯುತ್ತವೆ.

"ಇಬ್ಬರು ರಾಜರು, ಉಳಿದವರೆಲ್ಲ ಸಾಮಾನು," ಎಂದಳು ನುಸೈಬಾ, ಹಿಶಾಮನ ಹೆಂಡತಿ, ಹಿಂದಿನ ಸಾಲಿಗೆ ಒಮ್ಮೆ ಹತ್ತಿ ಇಳಿದು.

"ಹಿಂದೆಯೂ ಚಾರ್ಜರ್ ಉಂಟು," ಎಂದ ಹಿಶಾಮ್.

"ಸಾಮಾನಿಗೆ ಚಾರ್ಜರ್ ಯಾಕೆ?"

ಹಿಶಾಮನ ತಂದೆ ಪೋಕರ್ ವ್ಯಾನಿನ ಸುತ್ತ ಒಂದು ಬಾರಿ ನಡೆದು ಬಂದು ಟಯರಿಗೆ ಕಾಲಿನಿಂದ ತಟ್ಟಿದರು. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಗುತ್ತಿಗಾರು, ಕೊಲ್ಲಮೊಗ್ರು, ಸುಳ್ಯ, ಪುತ್ತೂರು ಎಂದು ಸರ್ವಿಸ್ ಜೀಪು ಓಡಿಸಿದವರು. ಬಸ್ಸು ಹೋಗದ ಕಡೆಗೆಲ್ಲ ಹೋದ ಜೀಪು ಅದು. ಊರಿನಲ್ಲಿ ಈಗಲೂ ಅವರಿಗೆ ಡ್ರೈವರ್ ಪೋಕರ್ ಎಂದೇ ಹೆಸರು, ಕಣ್ಣಿನ ಆಪರೇಷನ್ ಆದ ಮೇಲೆ ಸ್ಟಿಯರಿಂಗ್ ಮುಟ್ಟದಿದ್ದರೂ.

"ನನ್ನ ಜೀಪಿನಲ್ಲಿ ಇಷ್ಟು ಜಾಗಕ್ಕೆ ಹದಿನಾಲ್ಕು ಜನ ಕೂರ್ತಿದ್ರು," ಎಂದರು ಮಗನಿಗೆ. "ನೀನು ಎರಡು ಕುರ್ಚಿ ಇಟ್ಟಿದ್ದಿ."

"ಅದಕ್ಕೇ ಉಪ್ಪಾ ತಂದದ್ದು."

ಯಾಕೆ ತಂದದ್ದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಹಿಶಾಮ್ ದೋಹಾದಲ್ಲಿ ಒಂದು ಕಂಪನಿಯ ದೊಡ್ಡವರಿಗೆ ಡ್ರೈವರನಾಗಿದ್ದ. ಇಂಥದೇ ವ್ಯಾನು. ದೊಡ್ಡವರು ಬರುವ ಮೊದಲು ಸೀಟು ಒರಗಿಸಿ, ಕಾಲಿನ ಹಲಗೆ ಎತ್ತಿ, ಪರದೆ ಎಳೆದು, ಎಸಿ ಹಾಕಿ ಇಡಬೇಕು. ಅವರು ಕೂತ ಮೇಲೆ ಕೇಳಿದರೆ ಮಾತ್ರ ಮಾತಾಡಬೇಕು. ಅಷ್ಟು ವರ್ಷದಲ್ಲಿ ಅವನು ಆ ಸೀಟನ್ನು ದಿನವೂ ಒರೆಸಿದನೇ ಹೊರತು ಒಂದು ದಿನವೂ ಅದರಲ್ಲಿ ಕೂತವನಲ್ಲ. ಒರೆಸುವಾಗ ಒಂದೇ ಆಸೆ: ಒಮ್ಮೆ ಉಮ್ಮನನ್ನು ಇದರಲ್ಲಿ ಕೂರಿಸಬೇಕು. ಊರಿಗೆ ಬಂದು ನಿಂತ ವರ್ಷವೇ ಉಮ್ಮ, ಬೀಫಾತುಮ್ಮ, ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಪುತ್ತೂರಿನಲ್ಲಿ ಆಪರೇಷನ್ ಆಯಿತು. ವಾರಕ್ಕೆ ಎರಡು ಸಲ ಅಲ್ಲಿಗೇ ಹೋಗಿ ಕಾಲಿನ ವ್ಯಾಯಾಮ ಮಾಡಿಸಬೇಕು, ಮೂರು ತಿಂಗಳಾದರೂ ಬೇಕು, ಬಿಟ್ಟರೆ ಕಾಲು ಹಾಗೆಯೇ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಜೀವನಪೂರ್ತಿ ವಾಕರೇ ಗತಿ ಎಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಮಂಗಳೂರಿನ ಒಂದು ಹೋಟೆಲಿನವರು ಈ ವ್ಯಾನು ಮಾರುತ್ತಿದ್ದರು. ಬಾಕಿ ದಿನ ಏರ್‌ಪೋರ್ಟಿಗೆ ಬಾಡಿಗೆ ಓಡಿಸಿದರಾಯಿತು ಎಂದು ಹಿಶಾಮ್ ತಂದೇಬಿಟ್ಟ.

ಬೀಫಾತುಮ್ಮನಿಗೆ ಬೇಕಾದ್ದು ಹೆಚ್ಚೇನಿರಲಿಲ್ಲ. ಅಡುಗೆಮನೆಯಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಮಾಜಿಗೆ ಕುರ್ಚಿ ಬಿಟ್ಟು ನೆಲದ ಮೇಲೆ ಹಣೆ ಇಡಬೇಕು. ಹಾಸಿಗೆಗೆ ಗಂಜಿ ತರಿಸಿಕೊಂಡು ಬದುಕುವುದೆಂದರೆ ಅವರಿಗೆ ಮೈಯೆಲ್ಲ ಉರಿ.

ವ್ಯಾನು ಬಂದ ದಿನವೇ ಪೋಕರರ ಹಳೆಯ ಸ್ನೇಹಿತ ದೇರಣ್ಣ ಮೇಲಿನ ರಬ್ಬರ್ ತೋಟದಿಂದ ಇಳಿದು ಬಂದು ಹೇಳದೆ ಕೇಳದೆ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು.

"ದೇರಣ್ಣ, ನಮ್ಮಲ್ಲಿ ಇದೆಲ್ಲ ಇಲ್ಲ," ಎಂದ ಹಿಶಾಮ್.

"ನಿಮ್ಮಲ್ಲಿ ಇಲ್ಲ ಅಂತ ನನಗೆ ಗೊತ್ತುಂಟು. ಚಕ್ರದಲ್ಲಿ ಉಂಟಾ ಇಲ್ವಾ ಅಂತ ಚಕ್ರವನ್ನೇ ಕೇಳು. ನಿನ್ನ ಉಪ್ಪನ ಜೀಪಿಗೂ ನಾನೇ ಇಟ್ಟದ್ದು."

"ಇಟ್ಟದ್ದು ಹೌದು," ಎಂದರು ಪೋಕರ್. "ಮರುದಿನವೇ ಪಂಚರ್ ಆಗಿತ್ತು."

ಮೊದಲ ಸೋಮವಾರ ಹಿಶಾಮ್ ಬೆಳಗ್ಗೆಯೇ ಬಿಳಿ ಅಂಗಿ ಹಾಕಿಕೊಂಡು ವ್ಯಾನಿನ ಬಾಗಿಲಲ್ಲಿ ನಿಂತ. ನುಸೈಬಾ ಮತ್ತು ಮಗಳು ಮುಫೀದಾ ಎರಡೂ ಕಡೆ ಹಿಡಿದು ಬೀಫಾತುಮ್ಮನನ್ನು ಕರೆತಂದರು. ಮುಫೀದಾ ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದಳು, ಅವಳಿಗೂ ಇದೇ ವ್ಯಾನು. ಹಿಶಾಮ್ ಉಮ್ಮನನ್ನು ದೊಡ್ಡ ಸೀಟಿನಲ್ಲಿ ಕೂರಿಸಿ, ಒರಗಿಸಿ, ಕಾಲಿನ ಹಲಗೆ ಎತ್ತಿ, ಶಾಲು ಹೊದಿಸಿ, ಬಿಸಿಲು ತಾಗದ ಹಾಗೆ ಪರದೆ ಎಳೆದ. ಅವನ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಲಿಕ್ಕೆಂದು ಸುಮ್ಮನೆ ಗುಂಡಿಗಳನ್ನು ಒತ್ತಿದ.

"ಹೇಗುಂಟು ಉಮ್ಮಾ?"

"ಆಸ್ಪತ್ರೆಯ ಮಂಚಕ್ಕಿಂತ ಲಾಯ್ಕುಂಟು," ಎಂದರು ಬೀಫಾತುಮ್ಮ.

ಪಕ್ಕದ ಸೀಟು ಪೋಕರರಿಗೆಂದು ಹಿಶಾಮ್ ಇಟ್ಟಿದ್ದ. ಪೋಕರ್ ಅದನ್ನು ನೋಡಲೇ ಇಲ್ಲ. ಮುಂದಿನ ಬಾಗಿಲು ತೆಗೆದು ಡ್ರೈವರನ ಪಕ್ಕ ಕೂತು, ಹೆಗಲ ಮೇಲಿನ ಟವೆಲು, ಆ ಬೈರಾಸನ್ನು ಮಡಿಲಲ್ಲಿ ಹಾಕಿಕೊಂಡರು.

"ಉಪ್ಪಾ, ಹಿಂದೆ ಕೂತ್ಕೊಳ್ಳಿ. ಉಮ್ಮನಿಗೂ ಜೊತೆ ಆಗ್ತದೆ."

"ಹಿಂದೆ ಕೂತ್ರೆ ನನಗೆ ರಸ್ತೆ ಕಾಣುದಿಲ್ಲ."

"ರಸ್ತೆ ನಾನು ನೋಡ್ತೇನಲ್ಲ."

"ನೀನು ನೋಡುದನ್ನು ನೋಡ್ಲಿಕ್ಕೇ ನಾನು ಇಲ್ಲಿ ಕೂರುದು."

ಹೀಗೆ ಹೊರಟರು. ಮುಂದೆ ಪೋಕರ್ ಮಗನಿಗೆ ಹಾರ್ನ್ ಹಾಕಲಿಕ್ಕೆ ಹೇಳುತ್ತ, ತಿರುವು ಬಂದಾಗೆಲ್ಲ ತನ್ನ ಕಾಲಿನಿಂದ ಖಾಲಿ ನೆಲವನ್ನು ಒತ್ತುತ್ತ. ಹಿಂದೆ ನುಸೈಬಾ ಫ್ಲಾಸ್ಕು, ಚೀಲ, ವಾಕರುಗಳ ನಡುವೆ. ಮುಫೀದಾ ಕಿವಿಗೆ ಇಯರ್‌ಫೋನ್ ಹಾಕಿ. ಮಧ್ಯದಲ್ಲಿ ಬೀಫಾತುಮ್ಮ ಒಬ್ಬರೇ, ತಣ್ಣಗೆ, ಕತ್ತಲಲ್ಲಿ. ಪಂಜ ದಾಟಿದ್ದೂ ನಿಂತಿಕಲ್ಲು ದಾಟಿದ್ದೂ ಅವರಿಗೆ ಕಾಣಲಿಲ್ಲ. ಹಿಶಾಮ್ ಸವಣೂರಿನ ತನಕ ಒಂದು ಮಾತೂ ಆಡಲಿಲ್ಲ. ಅವನ ಮರ್ಯಾದೆಯ ರೀತಿಯೇ ಅದಾಗಿತ್ತು.

ವ್ಯಾಯಾಮ ಮಾಡಿಸುವವಳು ಭವಿತಾ ಎಂಬ ಹುಡುಗಿ. ಕಾಲು ಎತ್ತಿ ಎಂದರೆ ಬೀಫಾತುಮ್ಮ ಗಿಡ್ಡ ಉಸಿರು ಬಿಡುತ್ತ ಗೇಣಷ್ಟು ಎತ್ತಿದರು, ಅಷ್ಟಕ್ಕೇ ಬೆವತರು.

"ಮೊದಲ ದಿನ ಅಲ್ವಾ, ಹಾಗೇ," ಎಂದಳು ಭವಿತಾ.

ಎರಡನೆಯ ವಾರದಿಂದ ನುಸೈಬಾ ಒಂದು ವಿಷಯ ಗಮನಿಸಿದಳು. ಪುತ್ತೂರಿಗೆ ಹೋಗುವ ದಿನ ಅತ್ತೆ ಬೆಳಗ್ಗೆ ಏನೂ ತಿನ್ನುವುದಿಲ್ಲ. ಅವಳು ನಸುಕಿಗೇ ಎದ್ದು, ಬೀಫಾತುಮ್ಮನಿಗೆ ಪ್ರೀತಿಯ ಪತ್ತಿರ್ ಮಾಡಿ, ಆ ತೆಳು ಅಕ್ಕಿ ರೊಟ್ಟಿಗೆ ತೆಂಗಿನ ಹಾಲು ಹಾಕಿ ಇಟ್ಟರೆ, ಬೀಫಾತುಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು.

"ಬಂದ ಮೇಲೆ ತಿಂತೇನೆ."

"ಬರುವಾಗ ಮಧ್ಯಾಹ್ನ ಆಗ್ತದೆ ಮಾಮಿ. ಒಂದಾದ್ರೂ ತಿನ್ನಿ."

"ಹಸಿವಿಲ್ಲ ಹೆಣ್ಣೇ."

"ನಿನ್ನೆ ಇದೇ ಹೊತ್ತಿಗೆ ಮೂರು ತಿಂದಿದ್ರಿ."

"ನಿನ್ನೆ ಹಸಿವಿತ್ತು."

ನುಸೈಬಾ ಮುಖ ಊದಿಸಿಕೊಂಡು ಪತ್ತಿರನ್ನು ಮುಫೀದಾಳ ಡಬ್ಬಿಗೆ ತುರುಕಿದಳು. ಮುಂದಿನ ಸಲ ನೀರುದೋಸೆ ಮಾಡಿದಳು. ಅದನ್ನೂ ತಿನ್ನಲಿಲ್ಲ. ಗಂಜಿ ಮಾಡಿ ಬಂಗುಡೆ ಹುರಿದಳು. ಮೀನಿನ ವಾಸನೆ ಬಂದಾಗ ಬೀಫಾತುಮ್ಮ ಶಾಲಿನಿಂದ ಮೂಗು ಮುಚ್ಚಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷ ತನ್ನ ಕೈಯಡುಗೆ ತಿಂದವರು ಈಗ ಮೂಗು ಮುಚ್ಚುತ್ತಾರೆ ಎಂದು ನುಸೈಬಾಳಿಗೆ ಅಳುವೇ ಬಂತು. ಅಳಲಿಲ್ಲ, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು.

ಆ ದಿನ ಭವಿತಾ ಹಿಶಾಮನನ್ನು ಹೊರಗೆ ಕರೆದಳು. "ಇವರಿಗೆ ಕಾಲಿನ ಸಮಸ್ಯೆಗಿಂತ ಶಕ್ತಿಯದೇ ಸಮಸ್ಯೆ. ಎರಡು ಸಲ ಎತ್ತಿದ್ರೆ ಕಣ್ಣು ಕತ್ತಲೆ ಬರ್ತದೆ. ಮನೆಯಲ್ಲಿ ಸರಿಯಾಗಿ ತಿನ್ನಿಸ್ತಿದ್ದೀರಾ? ಹೀಗೆ ಹೋದ್ರೆ ಪ್ರಯೋಜನ ಇಲ್ಲ ನೋಡಿ. ಈ ವಾರಗಳು ಹೋದ್ರೆ ಮತ್ತೆ ಸಿಗುದಿಲ್ಲ."

ಹಿಶಾಮ್ ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ.

"ಉಮ್ಮನಿಗೆ ಎಂತ ಕೊಡ್ತಿ ನೀನು?"

"ನನ್ನ ತಲೆ ಕೊಡ್ತೇನೆ," ಎಂದಳು ನುಸೈಬಾ. "ಅದೊಂದನ್ನು ಬಡಿಸ್ಲಿಲ್ಲ. ನಾಳೆಯಿಂದ ನೀವೇ ಮಾಡಿ. ದೋಹಾದಲ್ಲಿ ಅಡುಗೆ ಕಲ್ತಿದ್ದೇನೆ ಅಂತ ಹೇಳ್ತಿದ್ರಲ್ಲ."

"ಹಾಗಲ್ಲ ನಾನು ಹೇಳಿದ್ದು."

"ಹಾಗೆಯೇ ಹೇಳಿದ್ದು. ಮಗ ಸೀಟು ತಂದ, ಸೊಸೆ ಊಟ ಹಾಕ್ಲಿಲ್ಲ. ಊರಿನವರೂ ಇದನ್ನೇ ಹೇಳುದು."

ಒಳಕೋಣೆಯಲ್ಲಿ ಮಲಗಿದ್ದ ಬೀಫಾತುಮ್ಮನಿಗೆ ಎಲ್ಲವೂ ಕೇಳಿಸಿತು. "ಅವಳಿಗೆ ಎಂತದೂ ಹೇಳ್ಬೇಡ ಹಿಶಾಮ್," ಎಂದು ಅಲ್ಲಿಂದಲೇ ಕೂಗಿದರು.

ಮರುದಿನ ವ್ಯಾನು ತೊಳೆಯುವಾಗ ಹಿಶಾಮನಿಗೆ ಉಮ್ಮನ ಸೀಟಿನ ಸಂದಿಯಲ್ಲಿ ಒಂದು ನಿಂಬೆಹಣ್ಣು ಸಿಕ್ಕಿತು. ಒಣಗಿ ಚರ್ಮ ಸುಕ್ಕಾಗಿತ್ತು. ಅವನು ಅದನ್ನು ಹಿಡಿದುಕೊಂಡು ಪೇಟೆಗೆ ಹೋದ. ದೇರಣ್ಣ ಅಂಗಡಿಯ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

"ಚಕ್ರಕ್ಕೆ ಇಟ್ಟದ್ದು ಸಾಕಾಗ್ಲಿಲ್ವಾ? ಸೀಟಿಗೂ ಇಟ್ಟಿದ್ದೀರಾ?"

"ನಾನಾ?" ದೇರಣ್ಣ ನಿಂಬೆಯನ್ನು ತಿರುಗಿಸಿ ನೋಡಿದರು. "ನಾನು ಇಟ್ಟದ್ದು ನಾಲ್ಕೇ. ನಾಲ್ಕೂ ಅಪ್ಪಚ್ಚಿಯಾದದ್ದನ್ನು ನಾನೇ ನೋಡಿದ್ದೇನೆ ಮಾರಾಯ. ಇದು ನನ್ನದಲ್ಲ."

ಎರಡು ದಿನ ಕಳೆದು ಇನ್ನೊಂದು ಸಿಕ್ಕಿತು. ಇದು ಹಸಿಯದು, ಉಗುರಿನಿಂದ ಗೀರಿದ ಗುರುತಿತ್ತು. ಹಿಶಾಮ್ ಮಾಟ ಮಂತ್ರ ನಂಬುವವನಲ್ಲ, ಆದರೂ ಅದನ್ನು ಬರಿಗೈಯಲ್ಲಿ ಹಿಡಿಯದೆ ಕಾಗದದಲ್ಲಿ ಎತ್ತಿ ತೋಡಿನ ನೀರಿಗೆ ಎಸೆದ. ವ್ಯಾನು ಮಾರಿದ ಹೋಟೆಲಿನವರ ಮೇಲೂ, ಹೊಟ್ಟೆಕಿಚ್ಚಿನ ನೆಂಟರ ಮೇಲೂ ಅವನಿಗೆ ಸಂಶಯ ಬಂದು ಹೋಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ, ಗಂಡಸರು ಇಂಥದ್ದನ್ನೆಲ್ಲ ಒಳಗೇ ಇಟ್ಟುಕೊಂಡು ದೊಡ್ಡದು ಮಾಡುತ್ತಾರೆ.

ಅದರ ಮುಂದಿನ ಸೋಮವಾರ ಹಿಶಾಮ್ ಬಿಳಿ ಅಂಗಿ ಹಾಕಿ ನಿಂತಿದ್ದಾಗ ಬೀಫಾತುಮ್ಮ ಹಾಸಿಗೆಯಿಂದ ಏಳಲಿಲ್ಲ.

"ಇವತ್ತು ಬೇಡ."

"ಯಾಕೆ? ನೋವುಂಟಾ?"

"ನೋವಿಲ್ಲ. ಬೇಡ ಅಂತ ಅಷ್ಟೆ."

ಗುರುವಾರವೂ ಅದೇ. ಭವಿತಾ ಫೋನು ಮಾಡಿ ಕೇಳಿದಳು. ಪೋಕರ್ ಹಾಸಿಗೆಯ ಪಕ್ಕ ಕೂತು ಬೈದು ನೋಡಿದರು, ಪುಸಲಾಯಿಸಿ ನೋಡಿದರು. "ಕಾಲು ನನ್ನದಲ್ವಾ? ನನಗೆ ಬೇಡ," ಎಂದುಬಿಟ್ಟರು ಬೀಫಾತುಮ್ಮ. ಅಡುಗೆಮನೆಯಿಂದ ಬಟ್ಟಲು ಬಿದ್ದ ಸದ್ದು ಕೇಳಿದರೆ ಮಾತ್ರ ಅವರ ಕುತ್ತಿಗೆ ಆ ಕಡೆಗೆ ತಿರುಗುತ್ತಿತ್ತು. ಅದನ್ನು ನೋಡಿದ ನುಸೈಬಾಳಿಗೆ, ಕಾಲು ಬೇಡವಾದವರು ಹೀಗೆ ತಿರುಗುವುದಿಲ್ಲ ಎಂದು ಅನಿಸಿತು.

ಗುರುವಾರ ಸಂಜೆ ಹಿಶಾಮ್ ಏರ್‌ಪೋರ್ಟಿಗೆ ಬಾಡಿಗೆ ಹೋಗಿದ್ದ. ಬೀಫಾತುಮ್ಮನಿಗೆ ತಲೆ ಸುತ್ತುತ್ತದೆ ಎಂದು ನುಸೈಬಾ ಉದಯನ ಆಟೋ ಕರೆಸಿದಳು, ಬಿಪಿ ನೋಡಿಸಲಿಕ್ಕೆ ಪೇಟೆಯ ಕ್ಲಿನಿಕ್ಕಿಗೆ. ಹೊರಡುವ ಮೊದಲು ಸುಮ್ಮನೆ ಎರಡು ಪತ್ತಿರ್ ತಟ್ಟೆಗೆ ಹಾಕಿ ಇಟ್ಟಳು. ಬೀಫಾತುಮ್ಮ ಎರಡನ್ನೂ ತಿಂದು ಮೂರನೆಯದು ಕೇಳಿದರು. ನುಸೈಬಾ ತಂದು ಹಾಕಿದಳು.

ಆಟೋದಲ್ಲಿ ಬೀಫಾತುಮ್ಮ ಕಾಲು ಚಾಚಿ ಓರೆಯಾಗಿ ಕೂತರು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅವರು ಉದಯನಿಗೆ ಅವನ ಹೆಂಡತಿಯ ಬಾಣಂತನ ಕೇಳಿದರು, ಹೊಸ ಬೇಕರಿ ಯಾರದೆಂದು ಕೇಳಿದರು, ರಸ್ತೆ ಬದಿಯಲ್ಲಿ ಕಂಡವರಿಗೆಲ್ಲ ಕೈ ಮಾಡಿದರು. ಸೊಂಟಕ್ಕೆ ಕುಲುಕಾಟ ತಾಗಿ ಆಗಾಗ ಹಲ್ಲು ಕಚ್ಚುತ್ತಿದ್ದರೂ ಮಾತು ನಿಲ್ಲಲಿಲ್ಲ. ಇಳಿಯುವಾಗ ಅವರ ಮುಷ್ಟಿಯಿಂದ ಒಂದು ನಿಂಬೆಹಣ್ಣು ಉರುಳಿ ನುಸೈಬಾಳ ಕಾಲ ಬಳಿ ಬಿತ್ತು.

ನುಸೈಬಾ ಅದನ್ನು ಎತ್ತಿಕೊಂಡು ಅತ್ತೆಯ ಮುಖ ನೋಡಿದಳು. ಬಸ್ಸಿನಲ್ಲಿ ನಿಂಬೆ ಮೂಸುತ್ತ ಹೋಗುವವರು ಯಾರೆಂದು ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ.

"ಮಾಮಿ, ನಿಮಗೆ ವಾಂತಿ ಬರ್ತದಾ?"

ಬೀಫಾತುಮ್ಮ ಸುತ್ತ ನೋಡಿ ದನಿ ತಗ್ಗಿಸಿದರು. "ಆಟೋದಲ್ಲಿ ಬರುದಿಲ್ಲ, ನಿಂಬೆ ಅಭ್ಯಾಸಕ್ಕೆ ಹಿಡಿದದ್ದು. ಆ ಸೀಟಲ್ಲಿ ಬರ್ತದೆ. ಎಂತದೂ ಕಾಣುದಿಲ್ಲ ಹೆಣ್ಣೇ, ತಣ್ಣಗೆ ಮಲಗಿಸಿ ಪರದೆ ಹಾಕ್ತಾನೆ, ಎಲ್ಲಿ ತಿರುಗ್ತದೆ ಅಂತ ಗೊತ್ತಾಗುದಿಲ್ಲ. ಪಂಜ ಬರುವಾಗಲೇ ಹೊಟ್ಟೆ ಬಾಯಿಗೆ ಬರ್ತದೆ. ಹೊಟ್ಟೆ ಖಾಲಿ ಇದ್ರೆ ಎಂತ ಬರುದು ಅಂತ ತಿನ್ನದೆ ಹೋಗ್ತಿದ್ದೆ."

"ಇದನ್ನು ಹೇಳ್ಬಹುದಿತ್ತಲ್ಲ. ನಾನು ಎಷ್ಟು ದಿನ ನನ್ನ ಅಡುಗೆಯನ್ನು ಬೈಕೊಂಡೆ ಗೊತ್ತುಂಟಾ?"

"ಹೇಗೆ ಹೇಳುದು? ಅವನು ಆ ಸೀಟನ್ನು ಒರೆಸುದು ನೋಡಿದ್ದಿಯಲ್ಲ. ಅದರಲ್ಲಿ ನಾನು ವಾಂತಿ ಮಾಡುದಾ?" ಬೀಫಾತುಮ್ಮ ನಿಂಬೆಯನ್ನು ಕಿತ್ತುಕೊಂಡು ಸೆರಗಿನಲ್ಲಿ ಸಿಕ್ಕಿಸಿದರು. "ಅವನಿಗೆ ಹೇಳ್ಬೇಡ. ನಿನ್ನ ಮಾಮನಿಗಂತೂ ಹೇಳಲೇಬೇಡ. ಡ್ರೈವರನ ಹೆಂಡತಿಗೆ ವಾಂತಿ ಅಂದ್ರೆ ನಗ್ಲಿಕ್ಕೆ ಇಡೀ ಗುತ್ತಿಗಾರು ಬರ್ತದೆ."

ನುಸೈಬಾ ನಗಬೇಕೋ ಅಳಬೇಕೋ ತಿಳಿಯದೆ ಅತ್ತೆಯ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದಳು. ಎಷ್ಟೋ ದಿನದ ಸಿಟ್ಟು ಆ ನಾಲ್ಕು ಮೆಟ್ಟಿಲಿನಲ್ಲಿ ಇಳಿದುಹೋಯಿತು.

ಹೇಳಬೇಡವೆಂದ ಅತ್ತೆಯ ಮಾತನ್ನು ನುಸೈಬಾ ಒಂದು ದಿನ ಉಳಿಸಿಕೊಂಡಳು. ಶುಕ್ರವಾರ ಮಧ್ಯಾಹ್ನ ಗಂಡಸರು ಜುಮ್ಮಾ ಮುಗಿಸಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ನೆಯ್ಚೋರು ಎಂಬ ತುಪ್ಪದ ಅನ್ನ, ಕೋಳಿ ಸಾರು. ಬೀಫಾತುಮ್ಮನ ಕುರ್ಚಿಯನ್ನು ಮೇಜಿನ ತುದಿಗೆ ಎಳೆದು ಹಾಕಿದ್ದರು. ಹಿಶಾಮ್ ಮೊದಲ ತುತ್ತಿಗೇ ಶುರು ಮಾಡಿದ.

"ಸೋಮವಾರ ಹೋಗುದಾ ಇಲ್ವಾ?"

"ನನ್ನನ್ನು ಹೀಗೇ ಬಿಡು ಮಗಾ. ವಾಕರ್ ಉಂಟಲ್ಲ."

"ಸಾಯುವವರೆಗೂ ವಾಕರಾ?"

"ಊಟದ ಹೊತ್ತಿಗೆ ಸಾಯುದರ ಮಾತು ಬೇಡ," ಎಂದರು ಪೋಕರ್.

"ಮತ್ತೆ ಎಂತ ಮಾತಾಡುದು ಉಪ್ಪಾ? ಎರಡು ವಾರ ಹೋದ್ರೆ ಕಾಲು ಹೋಯ್ತು ಅಂತ ಆ ಭವಿತಾ ಹೇಳ್ತಾಳೆ." ಹಿಶಾಮ್ ಉಮ್ಮನ ಕಡೆಗೆ ತಿರುಗಿದ. "ಆ ಸೀಟಿಗೆ ಎಂತ ಕಡಿಮೆ ಆಗಿದೆ ಹೇಳಿ ಉಮ್ಮಾ. ಬೇರೆ ಯಾರ್ಯಾರನ್ನೋ ಅದರಲ್ಲಿ ಕೂರಿಸಿ ಕರ್ಕೊಂಡು ಹೋದೆ. ಒಬ್ಬರೂ ಒಂದು ದಿನ ಬೇಡ ಅಂತ ಹೇಳ್ಲಿಲ್ಲ. ನಿಮ್ಮನ್ನು ಕೂರಿಸ್ಲಿಕ್ಕೆ ಅಂತ ತಂದೆ. ಬೇಡ ಅಂತಾದ್ರೆ ಮಾರ್ತೇನೆ. ನಾಳೆಯೇ ಮಾರ್ತೇನೆ."

ಬೀಫಾತುಮ್ಮ ತಟ್ಟೆ ನೋಡುತ್ತ ಕೂತರು. ನುಸೈಬಾ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಮಾಮಿ, ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

"ನುಸೈಬಾ."

"ನನ್ನನ್ನು ಬೈಯಿರಿ, ತೊಂದರೆ ಇಲ್ಲ. ಅವರಿಗೆ ಆ ಸೀಟಲ್ಲಿ ವಾಂತಿ ಬರ್ತದೆ. ಅದಕ್ಕೇ ತಿನ್ನುದಿಲ್ಲ. ಅದಕ್ಕೇ ಹೋಗುದಿಲ್ಲ. ಬೇರೆ ಎಂತದೂ ಇಲ್ಲ."

ಮುಫೀದಾ ಕಿಸಕ್ಕನೆ ನಕ್ಕು, ಯಾರೂ ನಗದ್ದನ್ನು ನೋಡಿ ಬಾಯಿ ಮುಚ್ಚಿದಳು. ಹಿಶಾಮ್ ಏನೋ ಲೆಕ್ಕ ಕೂಡಿಸಿದವನ ಹಾಗೆ ಮುಖ ಎತ್ತಿದ. "ಹಾಗಾದ್ರೆ ಆ ನಿಂಬೆಹಣ್ಣು..."

"ನನ್ನದೇ," ಎಂದರು ಬೀಫಾತುಮ್ಮ. "ಎಸೆದಿಯಾ?"

ಪೋಕರ್ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. "ವಾಂತಿಯಾ? ಬೀಫಾತುಗಾ?" ಎಂದರು, ಬೇರೆ ಯಾರದೋ ಹೆಂಡತಿಯ ಸುದ್ದಿ ಕೇಳಿದವರ ಹಾಗೆ. "ಯಾವಾಗಿಂದ?"

"ಮೊದಲಿಂದ."

"ಮೊದಲಿಂದ ಅಂದ್ರೆ?"

"ಮದುವೆಗಿಂತ ಮೊದಲಿಂದ. ಬಸ್ಸಿನಲ್ಲೂ ಬರ್ತಿತ್ತು."

"ನನಗೆ ಗೊತ್ತೇ ಇಲ್ಲವಲ್ಲ. ಮೂವತ್ತು ವರ್ಷ ಗಾಡಿ ಓಡಿಸಿದವ ನಾನು. ಯಾರಿಗೆ ಯಾವ ತಿರುವಿನಲ್ಲಿ ಆಗುದಿಲ್ಲ ಅಂತ ನನಗೆ ಗೊತ್ತಿತ್ತು."

"ನನ್ನದು ಹೇಗೆ ಗೊತ್ತಾಗುದು?" ಬೀಫಾತುಮ್ಮನ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಜೀಪಿನಲ್ಲಿ ನಾನು ಯಾವತ್ತು ಕೂತಿದ್ದೆ?"

ಅದು ನಿಜವಾಗಿತ್ತು. ಆಗೆಲ್ಲ ಸೀಟೆಂದರೆ ದುಡ್ಡು ಕೊಟ್ಟವನದು. ಸುಳ್ಯಕ್ಕೆ ತವರಿಗೆಂದು ಬೀಫಾತುಮ್ಮ ಮಗುವನ್ನು ಎತ್ತಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರೆ, ಪೋಕರ್ ತುಂಬಿದ ಜೀಪಿನಿಂದ ಗಲ್ಲ ಎತ್ತಿ ತೋರಿಸಿ ಹೋಗುತ್ತಿದ್ದರು: ಹಿಂದೆ ಬಸ್ಸುಂಟು. ತನ್ನ ಹೆಂಡತಿ ಒಂದು ದಿನವೂ ಸೀಟು ಕೇಳಿದವಳಲ್ಲ ಎಂದು ಅವರು ಸ್ನೇಹಿತರಲ್ಲಿ ಹೆಮ್ಮೆಯಿಂದ ಹೇಳುವುದಿತ್ತು. ಬಸ್ಸಿನಲ್ಲಿ ಅವಳಿಗೆ ಏನಾಗುತ್ತದೆಂದು ಕೇಳಿದವರೂ ಅಲ್ಲ.

"ದೇವಮ್ಮನಿಗೆ ಆಗುದಿಲ್ಲ ಅಂತ ಅವಳನ್ನು ಮುಂದೆ ಕೂರಿಸ್ತಿದ್ರಿ," ಎಂದರು ಬೀಫಾತುಮ್ಮ. ದೇವಮ್ಮ ಎಂದರೆ ದೇರಣ್ಣನ ಹೆಂಡತಿ. "ಎದುರು ಕೂತು ರಸ್ತೆ ನೋಡ್ತಾ ಇದ್ರೆ ವಾಂತಿ ಬರುದಿಲ್ಲ ಅಂತ ಮನೆಗೆ ಬಂದು ಹೇಳ್ತಿದ್ರಿ. ಅನ್ನ ಬಡಿಸ್ತಾ ಕೇಳಿಸ್ಕೊಳ್ತಿದ್ದೆ."

"ಕೇಳ್ಬಹುದಿತ್ತಲ್ಲ ನೀನು."

"ಆಗ ಮುಂದೆ ದುಡ್ಡು ಕೊಟ್ಟವರು ಕೂರ್ತಿದ್ರು. ಈಗ ನೀವು ಕೂರ್ತೀರಿ." ಬೀಫಾತುಮ್ಮ ಅನ್ನವನ್ನು ಬೆರಳಿನಿಂದ ಸರಿಸಿದರು. "ನಾನು ಎಲ್ಲಿ ಕೇಳುದು?"

ಪೋಕರ್ ಎದ್ದು ಕೈ ತೊಳೆದು ಹೊರಗೆ ಹೋದರು. ತಟ್ಟೆಯಲ್ಲಿ ಕೋಳಿಯ ತುಂಡು ಹಾಗೆಯೇ ಇತ್ತು. ಕಿಟಕಿಯಿಂದ ನೋಡಿದ ಮುಫೀದಾ, ಅಜ್ಜ ವ್ಯಾನಿನ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದಾರೆ ಎಂದಳು. ಸಂಜೆಯ ಅಸರ್ ಬಾಂಗಿನ ತನಕ ಅವರು ಅಲ್ಲಿಯೇ ಇದ್ದರು. ಒಳಗೆ ಹಿಶಾಮ್ ಉಮ್ಮನ ಕುರ್ಚಿಯ ಹತ್ತಿರ ನೆಲದಲ್ಲಿ ಕೂತು, ಅವರ ಒಳ್ಳೆಯ ಕಾಲನ್ನು ಒತ್ತುತ್ತಿದ್ದ.

"ಪರದೆ ಹಾಕಿದ್ದೂ ತಪ್ಪು, ಎಸಿ ಹಾಕಿದ್ದೂ ತಪ್ಪು," ಎಂದ.

"ತಪ್ಪಲ್ಲ. ದೊಡ್ಡವರಿಗೆ ಮಾಡಿದ ಹಾಗೆ ನನಗೂ ಮಾಡಿದಿ. ನನಗೆ ದೊಡ್ಡವರಾಗಿ ಅಭ್ಯಾಸ ಇಲ್ಲ ಮಗಾ."

"ಇಡೀ ದಾರಿ ನಾನು ಒಂದು ಮಾತೂ ಆಡ್ಲಿಲ್ಲ."

"ಅದೊಂದು ತಪ್ಪು," ಎಂದರು ಬೀಫಾತುಮ್ಮ.

ಸೋಮವಾರ ಬೆಳಗ್ಗೆ ನುಸೈಬಾ ಪತ್ತಿರ್ ಮಾಡಿದಳು. ಬೀಫಾತುಮ್ಮ ಒಂದು ತಿಂದರು, ಭಯದಲ್ಲೇ. "ಇನ್ನೊಂದು," ಎಂದಳು ನುಸೈಬಾ, ಮಗುವಿಗೆ ತಿನ್ನಿಸುವವಳ ಹಾಗೆ ಎದುರಿಗೇ ನಿಂತು. ಎರಡನೆಯದೂ ಹೋಯಿತು.

ಅಂಗಳಕ್ಕೆ ಬಂದಾಗ ಪೋಕರ್ ವ್ಯಾನಿನ ಮುಂದಿನ ಎಡಬಾಗಿಲನ್ನು ತೆರೆದು ಹಿಡಿದುಕೊಂಡು ನಿಂತಿದ್ದರು. ಸೀಟಿನ ಮೇಲೆ ದಿಂಬು ಇಟ್ಟಿದ್ದರು. ಸೀಟನ್ನು ಹಿಂದಕ್ಕೆ ತಳ್ಳಿ ಕಾಲು ಚಾಚಲು ಜಾಗ ಮಾಡಿದ್ದರು. ಹತ್ತಲಿಕ್ಕೆ ಅಡುಗೆಮನೆಯ ಮಣೆ ತಂದು ಕೆಳಗೆ ಇಟ್ಟಿದ್ದರು.

"ನೀವು ಎಲ್ಲಿ ಕೂರುದು?" ಎಂದರು ಬೀಫಾತುಮ್ಮ.

"ಮೊದಲು ನೀನು ಹತ್ತು."

"ಹಿಂದೆ ಕೂತ್ರೆ ನಿಮಗೆ ರಸ್ತೆ ಕಾಣುದಿಲ್ಲ."

"ನನಗೆ ಕಂಡದ್ದು ಸಾಕು," ಎಂದರು ಪೋಕರ್. ಆಮೇಲೆ ಹೆಂಡತಿಯ ಕಂಕುಳಿಗೆ ಕೈ ಹಾಕಿ ಎತ್ತಿದರು. ಮಕ್ಕಳು ಮೊಮ್ಮಕ್ಕಳ ಎದುರು ಹೀಗೆ ಮುಟ್ಟಿದ್ದು ಅದೇ ಮೊದಲು, ಬೀಫಾತುಮ್ಮನ ಮುಖ ಕೆಂಪಾಯಿತು. ನುಸೈಬಾ ಚೀಲದೊಳಗೆ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

ಹಿಶಾಮ್ ಖಾಲಿಯಾದ ದೊಡ್ಡ ಸೀಟನ್ನು ನೋಡುತ್ತ ನಿಂತಿದ್ದ. ಬೀಫಾತುಮ್ಮ ಮುಂದಿನಿಂದ ಕತ್ತು ತಿರುಗಿಸಿ ಹೇಳಿದರು, "ಉಪ್ಪನನ್ನು ಕೂರಿಸು. ನನಗೆ ಮಾಡಿದ ಹಾಗೆಯೇ ಮಾಡು. ಇನ್ನೊಂದರಲ್ಲಿ ನುಸೈಬಾ ಕೂರ್ಲಿ, ಅವಳು ಸಾಮಾನಲ್ಲ."

ಹಿಶಾಮ್ ತಂದೆಯನ್ನು ಕೂರಿಸಿದ. ಬೆನ್ನು ಒರಗಿಸಿದ, ಹಲಗೆ ಎತ್ತಿದ. ಪೋಕರರ ಕಾಲುಗಳು ತಾವಾಗಿ ಮೇಲೆ ಬಂದಾಗ ಅವರು ಎರಡು ಕೈಯಲ್ಲೂ ಸೀಟು ಹಿಡಿದುಕೊಂಡರು.

"ಇದನ್ನು ಇಳಿಸು ಮಾರಾಯ, ಕ್ಷೌರಕ್ಕೆ ಕೂತ ಹಾಗೆ ಆಗ್ತದೆ."

"ಇರ್ಲಿ ಉಪ್ಪಾ. ಒಂದು ದಿನ."

ಪೋಕರ್ ಮಗನ ಮುಖ ನೋಡಿದರು. ಮತ್ತೆ ಇಳಿಸೆಂದು ಹೇಳಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ನುಸೈಬಾ ಚಪ್ಪಲಿ ಬಿಚ್ಚಿ, ಗುಂಡಿ ಒತ್ತಿ, ಪೂರ್ತಿ ಒರಗಿ, "ಇದು ಇಷ್ಟು ಲಾಯ್ಕುಂಟು ಅಂತ ಯಾರೂ ಹೇಳ್ಲಿಲ್ಲ," ಎಂದಳು. ಹಿಂದಿನ ಸಾಲಿನಲ್ಲಿ ಮುಫೀದಾ ವಾಕರನ್ನು ತಬ್ಬಿಕೊಂಡು ಕೂತಳು.

ವ್ಯಾನು ಹೊರಟಿತು. ಪರದೆಗಳೆಲ್ಲ ತೆರೆದಿದ್ದವು. ಹಿಶಾಮ್ ಮುಂದಿನ ಕಿಟಕಿಯ ಗಾಜು ಇಳಿಸಿದ. ಬೀಫಾತುಮ್ಮ ಮೊದಲು ನಿಂಬೆಯನ್ನು ಬಿಗಿಯಾಗಿ ಹಿಡಿದುಕೊಂಡು ಬರೀ ರಸ್ತೆ ನೋಡಿದರು. ಮೊದಲ ತಿರುವು ಬಂತು, ಹೋಯಿತು. ಎರಡನೆಯದೂ ಹೋಯಿತು. ಎದುರಿನಿಂದ ಬಂದ ಬಸ್ಸಿನ ಡ್ರೈವರ್ ವ್ಯಾನು ನೋಡಿ ಕೈ ಎತ್ತಿದ, ಹಿಶಾಮನೂ ಎತ್ತಿದ.

"ಅವನು ಯಾರು?"

"ಗೊತ್ತಿಲ್ಲ ಉಮ್ಮಾ. ಡ್ರೈವರುಗಳು ಹಾಗೆ ಮಾಡ್ತಾರೆ."

ಮುಂದಿನ ಬಸ್ಸಿಗೆ ಬೀಫಾತುಮ್ಮನೂ ಕೈ ಎತ್ತಿದರು. ಕಣಿಯೂರು ಹತ್ತಿರವಾದಂತೆ ರಸ್ತೆ ಏರಿ, ಎದುರಿಗೆ ಒಮ್ಮೆಲೇ ಬಿಚ್ಚಿಕೊಂಡಿತು. ಕೆಳಗೆ ಗದ್ದೆ, ಆಚೆ ಗುಡ್ಡದ ಮೇಲೆ ಗುಡ್ಡ, ಬಿಸಿಲು ಬಿದ್ದ ಒಂದು ಶಾಲೆಯ ಹಂಚು, ಸಾಲಾಗಿ ನಡೆಯುವ ಮಕ್ಕಳು. ಇಡೀ ರಸ್ತೆ ಅವರ ಕಡೆಗೇ ಬರುತ್ತಿತ್ತು. ಎಷ್ಟೋ ಸಲ ಈ ದಾರಿಯಲ್ಲಿ ಹೋಗಿದ್ದರು, ಜನರ ಬೆನ್ನು ನೋಡುತ್ತ, ಕಣ್ಣು ಮುಚ್ಚಿಕೊಂಡು. ಮುಷ್ಟಿ ಸಡಿಲವಾದದ್ದೂ ಅವರಿಗೆ ಗೊತ್ತಾಗಲಿಲ್ಲ.

ತುಸು ಹೊತ್ತಿನ ಮೇಲೆ ತಿರುಗದೆಯೇ ಕೇಳಿದರು, "ನೀವು ಇಷ್ಟು ವರ್ಷ ಇದನ್ನೆಲ್ಲ ಒಬ್ಬರೇ ನೋಡಿದ್ದಾ?"

ಹಿಶಾಮ್ ಕನ್ನಡಿಯಲ್ಲಿ ನೋಡಿದ. ಉಪ್ಪ ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅವನು ಕಣ್ಣನ್ನು ರಸ್ತೆಗೆ ತಂದ.

"ಬೀಫಾತು," ಎಂದರು ಪೋಕರ್ ಕೊನೆಗೆ. "ಮುಂದಿನ ತಿರುವಿನಲ್ಲಿ ಎಡಗಡೆ ನೋಡು. ಕೆಳಗೆ ಹೊಳೆ ಉಂಟು. ಬಸ್ಸಿನಲ್ಲಿ ನಿಂತವರಿಗೆ ಅದು ಕಾಣುದಿಲ್ಲ."

ಯಾರೂ ಹೇಳದೆಯೇ ಹಿಶಾಮ್ ವೇಗ ಕಡಿಮೆ ಮಾಡಿದ. ಬೀಫಾತುಮ್ಮ ಎಡಕ್ಕೆ ತಿರುಗಿ ಕೂತರು.